ನರೆದಲೆಗನ ಸಿಪ್ಪೆ: ಆಹಾರದ ಸಸ್ಯಾಂಶಗಳನ್ನು ಕುರಿತ ಇಂದಿನ ಬರೆಹಗಳ ವಿಮರ್ಶೆ

ಆಹಾರದಲ್ಲಿರುವ ಕೆಲವು ಸಸ್ಯಾಂಶಗಳು ಮಧುಮೇಹ, ಹೃದ್ರೋಗ, ರಕ್ತದೊತ್ತಡ ಮೊದಲಾದ ದೀರ್ಘಕಾಲದ ವ್ಯಾಧಿಗಳನ್ನು ತಡೆಯುತ್ತವೆಂಬುದನ್ನು ಕುರಿತು ಕನ್ನಡದಲ್ಲಿ ಈಚಿನ ವರ್ಷಗಳಲ್ಲಿ ಹೊರಟಿರುವ ಬರೆಹ ಅಪಾರವಾಗಿದೆ. ದಿನಪತ್ರಿಕೆಗಳ ಆರೋಗ್ಯದ ಪುಟ, ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ದೊರೆಯುವ ಕಿರುಹೊತ್ತಗೆ, ಸಿರಿಧಾನ್ಯದ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾದ ನಾಲ್ಕು ಸಾಲು, ಇವೆಲ್ಲ ಸೇರಿ ಬರವಣಿಗೆಯ ಒಂದು ಪ್ರತ್ಯೇಕ ಜಾತಿಯೇ ಬೆಳೆದು ನಿಂತಿದೆಯೆಂದರೆ ತಪ್ಪಾಗದು. ಸಾಹಿತ್ಯಕೃತಿಯೊಂದನ್ನು ಓದುವಾಗ, ಈ ಮಾತು ಯಾವ ಸಂದರ್ಭದಲ್ಲಿ ಹುಟ್ಟಿತು, ಇದಕ್ಕೆ ಆಧಾರವೇನು, ಹೇಳುವವನು ಏನನ್ನು ಬಿಟ್ಟಿದ್ದಾನೆ ಎಂದು ನಾವು ಕೇಳುವುದುಂಟು. ಅದೇ ಪ್ರಶ್ನೆಗಳನ್ನು ಈ ಬರೆಹಗಳ ಮುಂದೆಯೂ ಇಡಬಹುದೆಂಬ ಆಲೋಚನೆಯಿಂದ ಪ್ರಸ್ತುತ ಲೇಖನವನ್ನು ಕೈಗೊಂಡಿದ್ದೇವೆ. ಎಲ್ಲ ಸಸ್ಯಗಳನ್ನೂ ಎತ್ತಿಕೊಂಡರೆ ಮಾತಿಗೆ ಕೊನೆಯಿರುವುದಿಲ್ಲವಾಗಿ, ರಾಗಿಯನ್ನು ಮುಖ್ಯವಾಗಿಟ್ಟುಕೊಂಡು ಉಳಿದವನ್ನು ಅದರ ಪಕ್ಕದಲ್ಲಿ ಮುಟ್ಟಿ ಹೋಗುತ್ತೇವೆ.

ಇದು ಬರಿಯ ಪಂಡಿತರ ಚರ್ಚೆಯಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೦ ಕೋಟಿಗೂ ಮಿಕ್ಕ ಜನಕ್ಕೆ ಮಧುಮೇಹವಿದೆ. ಇನ್ನೂ ೧೩ ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಕೆಂಗೇರಿ, ವಿಜಯನಗರ, ಬಸವೇಶ್ವರನಗರಗಳ ಕಡೆಯಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ, ಮನೆಯಲ್ಲಿ ಒಬ್ಬರಾದರೂ ಸಕ್ಕರೆ ಕಾಯಿಲೆಯವರಿಲ್ಲವೆನ್ನುವವರು ವಿರಳವೆಂಬುದು ನಮ್ಮ ಅನುಭವ. ಅವರು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ತಾತನವರು ಪೇಪರಿನಲ್ಲಿ ಓದಿ, ಬೆಳಗ್ಗೆ ಅಂಬಲಿ ಕುಡಿಯುವುದಕ್ಕೆ ತೊಡಗಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ, ಇದು ಸರಿಯೆ? ಅಂಬಲಿ ಒಳ್ಳೆಯದೆಂಬುದು ಒಂದು ಮಾತು. ಅದು ಮಾತ್ರೆಯ ಸ್ಥಾನದಲ್ಲಿ ನಿಲ್ಲಬಲ್ಲುದೆಂಬುದು ಬೇರೆಯೇ ಒಂದು ಮಾತು. ಮೊದಲನೆಯದನ್ನು ಬರೆದವನು ಎರಡನೆಯದನ್ನು ಬರೆಯದೆಯೇ ಓದುಗನ ಮನಸ್ಸಿನಲ್ಲಿ ಅದನ್ನು ಹುಟ್ಟಿಸುವುದು ಹೇಗೆ ಎಂಬುದೇ ನಮ್ಮ ವಿಚಾರದ ವಿಷಯ.

ರಾಗಿಯನ್ನು ಹೊಗಳುವ ಬರೆಹಗಳಲ್ಲಿ ಹಲವು ಕನಕದಾಸರ ರಾಮಧಾನ್ಯಚರಿತ್ರೆಯಿಂದ ಪ್ರಾರಂಭವಾಗುತ್ತವೆ. ಐದು ಶತಮಾನಗಳ ಹಿಂದೆಯೇ ನಮ್ಮ ದಾಸರು ರಾಗಿಯ ಔಷಧಗುಣವನ್ನು ಕಂಡುಕೊಂಡಿದ್ದರು, ಇಂದಿನ ವಿಜ್ಞಾನ ಅದನ್ನು ಒಪ್ಪಿಕೊಂಡಿತು ಎಂಬುದು ಅವುಗಳ ಧಾಟಿ. ಕಾವ್ಯದಲ್ಲಿ ಇರುವುದೇನೆಂಬುದನ್ನು ನೋಡೋಣ. ರಾವಣವಧೆಯ ತರುವಾಯ ಅಯೋಧ್ಯೆಗೆ ಮರಳುವ ಶ್ರೀರಾಮನು ದಾರಿಯಲ್ಲಿ ಮುಚುಕುಂದ ಋಷಿಯ ಆಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ನಾನಾ ಧಾನ್ಯಗಳ ಭಕ್ಷ್ಯಗಳು ಬರುತ್ತವೆ. ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆ ಏಳುತ್ತದೆ. ಗೌತಮಮುನಿಯು ನರೆದಲೆಗನ, ಎಂದರೆ ರಾಗಿಯ, ಪಕ್ಷವನ್ನು ಹಿಡಿದಾಗ ವ್ರೀಹಿಗೆ, ಎಂದರೆ ಭತ್ತಕ್ಕೆ, ಸಿಟ್ಟು ಬರುತ್ತದೆ. ಎರಡೂ ಸಭೆಯಲ್ಲೇ ಬಿರುಸಾಗಿ ವಾದಿಸುತ್ತವೆ. ಕೊನೆಗೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುವಂತೆ ರಾಮನು ಅಪ್ಪಣೆ ಮಾಡುತ್ತಾನೆ. ಅವಧಿ ಕಳೆದು ಹೊರಗೆ ತಂದಾಗ ವ್ರೀಹಿ ಸೊರಗಿದೆ, ನರೆದಲೆಗ ಕುಂದಿಲ್ಲ. ರಾಮನು ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಭಾಮಿನಿ ಷಟ್ಪದಿಯ ಈ ಚಿಕ್ಕ ಕಾವ್ಯದಲ್ಲಿ ವಾದದ ತಿರುಳು ರೋಗಚಿಕಿತ್ಸೆಯಲ್ಲ. ವ್ರೀಹಿಯ ಹೆಮ್ಮೆ ತನ್ನ ಕುಲ ಮತ್ತು ಮಂಗಳಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನು ಕುರಿತದ್ದು. ನರೆದಲೆಗನ ಉತ್ತರ ಬಡವನ ಹಸಿವನ್ನೂ ಮಳೆಯಿಲ್ಲದ ವರ್ಷವನ್ನೂ ಕುರಿತದ್ದು. ಉಳ್ಳವರ ಅನ್ನ, ಇಲ್ಲದವರ ಹಿಟ್ಟು ಎಂಬ ಭೇದವನ್ನು ದಾಸರು ಧಾನ್ಯಗಳ ಬಾಯಿಂದ ಆಡಿಸಿದ್ದಾರೆಂಬುದನ್ನು ವಿಮರ್ಶಕರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ತೀರ್ಪಿಗೆ ಆಧಾರವಾದದ್ದಾದರೂ ಏನು? ಕೆಡದೆ ಉಳಿಯುವ ಶಕ್ತಿ. ಸೆರೆಮನೆಯಲ್ಲಿ ಪರೀಕ್ಷೆಗೆ ಗುರಿಯಾದದ್ದು ಧಾನ್ಯವೇ ಹೊರತು ಅದನ್ನು ಉಂಡ ಮನುಷ್ಯನಲ್ಲ. ಕಾವ್ಯದಿಂದ ಒಂದು ತುಣುಕನ್ನು ಕಿತ್ತು ಅದಕ್ಕೆ ಇಲ್ಲದ ಅರ್ಥವನ್ನು ಹೊರಿಸಿದವರು ಅದರಲ್ಲಿದ್ದ ಒಂದು ಒಳ್ಳೆಯ ಪಾಠವನ್ನು ಕೈಬಿಟ್ಟಿದ್ದಾರೆ: ಇಬ್ಬರು ವಾದಿಗಳನ್ನೂ ಒಂದೇ ಸೆರೆಯಲ್ಲಿ, ಒಂದೇ ಅವಧಿಯವರೆಗೆ ಇಟ್ಟು, ಆಮೇಲೆ ಹೋಲಿಸಿ ನೋಡಿದ ಕ್ರಮ. ಇಂದಿನ ಬರೆಹಗಳಲ್ಲಿ ಎಲ್ಲಕ್ಕಿಂತ ಅಪರೂಪವಾಗಿರುವುದು ಆ ಹೋಲಿಕೆಯೇ.

ರಾಗಿ ಕೆಡದೆ ಉಳಿಯುವುದು ಕವಿಕಲ್ಪನೆಯಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಗೇವು ತೋಡಿ ರಾಗಿಯನ್ನು ವರ್ಷಗಟ್ಟಲೆ ನೆಲದೊಳಗೆ ಇಡುತ್ತಿದ್ದುದನ್ನು ಹಿರಿಯರು ಬಲ್ಲರು. ಕಾಳು ತೀರ ಸಣ್ಣದಾಗಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಅದರ ಸಿಪ್ಪೆಯಲ್ಲಿ ಹುಡುಕಬೇಕು. ರಾಗಿಯ ಕಂದು ಬಣ್ಣವಿರುವುದು ಒಳಗಿನ ಹಿಟ್ಟಿಗೆ ಅಂಟಿಕೊಂಡಿರುವ ಬೀಜಕವಚದಲ್ಲಿ. ಪಾಲಿಫಿನಾಲ್ ಎಂದು ಕರೆಯಲಾಗುವ ಒಗರಿನ ರಾಸಾಯನಿಕಗಳು ಬಹುಪಾಲು ನೆಲೆಸಿರುವುದೂ ಅಲ್ಲಿಯೇ. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ ಅವರೂ ಅವರ ಸಹೋದ್ಯೋಗಿಗಳೂ ರಾಗಿಯ ಮೇಲೆ ನಡೆಸಿದ ದೀರ್ಘವಾದ ಕೆಲಸ ಈ ವಿಷಯದಲ್ಲಿ ಮುಖ್ಯವಾದುದು. ಬೀಜಕವಚದ ಸಾರವು ಬೂಷ್ಟು, ಬ್ಯಾಕ್ಟೀರಿಯ ಮುಂತಾದ ಸೂಕ್ಷ್ಮಜೀವಿಗಳನ್ನು ತಡೆಯುವುದರಲ್ಲಿ ಇಡೀ ಹಿಟ್ಟಿನ ಸಾರಕ್ಕಿಂತ ಬಲವುಳ್ಳದ್ದೆಂದು ಮೈಸೂರಿನಲ್ಲಿ ನಡೆದು ೨೦೦೯ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ರಾಮನ ಸಭೆಯ ತೀರ್ಪಿಗೂ ಪ್ರಯೋಗಶಾಲೆಯ ತೀರ್ಪಿಗೂ ಹೊಂದಿಕೆಯಿರುವುದು ಇಲ್ಲಿ, ಇಷ್ಟರಮಟ್ಟಿಗೆ ಮಾತ್ರ: ಸಿಪ್ಪೆ ಕಾಳನ್ನು ಕಾಯುತ್ತದೆ.

ಕಾಳನ್ನು ಕಾಯುವುದು ಉಂಡವನನ್ನೂ ಕಾಯುವುದೆ? ಈ ಎರಡನೆಯ ಪ್ರಶ್ನೆಗೆ ಮೊದಲನೆಯದರ ಉತ್ತರ ಸಲ್ಲದು. ಗಿಡವು ಈ ರಾಸಾಯನಿಕಗಳನ್ನು ಕೂಡಿಸಿಟ್ಟುಕೊಳ್ಳುವುದು ತನ್ನ ರಕ್ಷಣೆಗಾಗಿ. ಕೀಟ, ಬೂಷ್ಟು, ಮೇಯುವ ಪ್ರಾಣಿ ಇವುಗಳನ್ನು ದೂರವಿಡುವುದಕ್ಕಾಗಿ. ನಮ್ಮ ಉಪಕಾರ ಅದರ ಉದ್ದೇಶದಲ್ಲಿಲ್ಲ. ಸೋರೆಕಾಯಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅದರ ಹಸಿ ರಸವನ್ನು ಕುಡಿದರೆ ಮಧುಮೇಹವೂ ಬೊಜ್ಜೂ ಇಳಿಯುವುವೆಂಬ ಮಾತು ಹಬ್ಬಿದ ಮೇಲೆ, ಕಹಿಯಾದ ರಸವನ್ನು ಕುಡಿದು ರಕ್ತವಾಂತಿ ಮಾಡಿಕೊಂಡವರೂ ಪ್ರಾಣ ಕಳೆದುಕೊಂಡವರೂ ಆದರು. ವೈದ್ಯಕೀಯ ಸಂಶೋಧನ ಮಂಡಳಿ ಇದಕ್ಕಾಗಿ ತಜ್ಞರ ಸಮಿತಿಯನ್ನೇ ನೇಮಿಸಬೇಕಾಯಿತು. ಕಾಯಿಯ ಚೂರನ್ನು ಮೊದಲು ರುಚಿ ನೋಡಿ, ಕಹಿಯಿದ್ದರೆ ಬಿಸಾಡಬೇಕೆಂಬುದು ೨೦೧೨ರಲ್ಲಿ ಪ್ರಕಟವಾದ ಅದರ ಸಲಹೆ. ಆ ಕಹಿಗೆ ಕಾರಣವಾದ ಕುಕುರ್ಬಿಟಸಿನ್ ಕೂಡ ಸಸ್ಯಾಂಶವೇ, ನೂರಕ್ಕೆ ನೂರು ನೈಸರ್ಗಿಕವೇ. ಹಾಗಲಕಾಯಿಗೆ ಈ ದೋಷವನ್ನು ನಾವು ಹೊರಿಸುವುದಿಲ್ಲ. ಆದರೆ ಉದ್ಯಾನಗಳ ಬಾಗಿಲಲ್ಲಿ ಬೆಳಗ್ಗೆ ಅದರ ರಸವನ್ನು ಲೋಟಕ್ಕೆ ಹೊಯ್ದು ಕೊಡುವವರ ಫಲಕದಲ್ಲಿ ಇರುವಷ್ಟು ಆತ್ಮವಿಶ್ವಾಸ ಪರೀಕ್ಷೆಗಳಲ್ಲಿ ದೊರೆತಿಲ್ಲ. ಮಧುಮೇಹದಲ್ಲಿ ಹಾಗಲಕಾಯಿಯ ಉಪಯೋಗವನ್ನು ಕುರಿತು ನಾಲ್ಕು ಪ್ರಯೋಗಗಳನ್ನು, ಒಟ್ಟು ೪೭೯ ಮಂದಿಯನ್ನು, ೨೦೧೨ರಲ್ಲಿ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯು, ಶಿಫಾರಸು ಮಾಡುವುದಕ್ಕೆ ತಕ್ಕ ಪುರಾವೆಯಿಲ್ಲವೆಂದು ಹೇಳಿತು.

ಇನ್ನು ರಾಗಿಯ ವಿಷಯದಲ್ಲಿ ದೊರೆತಿರುವ ಪುರಾವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಮೊದಲನೆಯ ಮೆಟ್ಟಿಲು ಗಾಜಿನ ಕೊಳವೆಯದು. ನಾವು ಉಂಡ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಎರಡು: ಮೇದೋಜೀರಕದ ಅಮೈಲೇಸ್ ಒಂದು, ಆಲ್ಫಾ ಗ್ಲೂಕೋಸಿಡೇಸ್ ಮತ್ತೊಂದು. ರಾಗಿಯ ಬೀಜಕವಚದಿಂದ ತೆಗೆದ ಪಾಲಿಫಿನಾಲುಗಳು ಇವೆರಡರ ಕೆಲಸವನ್ನೂ ತಡೆಯುತ್ತವೆಂದು ಶೋಭನಾ, ಶ್ರೀರಾಮ, ಮಲ್ಲೇಶಿ ಇವರು ೨೦೦೯ರಲ್ಲಿ ತೋರಿಸಿದರು. ಮಧುಮೇಹಕ್ಕೆ ಕೊಡುವ ಅಕಾರ್ಬೋಸ್ ಎಂಬ ಔಷಧವೂ ಇದೇ ದಾರಿಯಲ್ಲಿ ಕೆಲಸ ಮಾಡುವುದರಿಂದ ಈ ಫಲಿತಾಂಶಕ್ಕೆ ಮಹತ್ವವುಂಟು. ಎರಡನೆಯ ಮೆಟ್ಟಿಲು ಇಲಿಯದು. ಸ್ಟ್ರೆಪ್ಟೊಜೊಟೊಸಿನ್ ಎಂಬ ವಸ್ತುವನ್ನು ಚುಚ್ಚಿ ಮಧುಮೇಹ ಬರಿಸಿದ ಇಲಿಗಳ ಆಹಾರದಲ್ಲಿ ನೂರಕ್ಕೆ ೨೦ ಪಾಲು ರಾಗಿಯ ಬೀಜಕವಚವನ್ನು ಸೇರಿಸಿ ಆರು ವಾರ ತಿನ್ನಿಸಿದಾಗ ರಕ್ತದ ಸಕ್ಕರೆ ಇಳಿಯಿತು, ಕಣ್ಣು ಮೂತ್ರಪಿಂಡಗಳ ಕೇಡೂ ತಗ್ಗಿತು ಎಂದು ೨೦೧೦ರಲ್ಲಿ ಪ್ರಕಟವಾಯಿತು.

ಈ ಇಪ್ಪತ್ತು ಪಾಲು ಎಂಬುದರ ಮುಂದೆ ನಮ್ಮ ಓದುಗರು ಒಂದು ಕ್ಷಣ ನಿಲ್ಲಬೇಕು. ರಾಗಿ ಕಾಳಿನ ತೂಕದಲ್ಲಿ ಬೀಜಕವಚದ ಪಾಲು ನೂರಕ್ಕೆ ಸುಮಾರು ೧೫. ಹಾಗಿರಲು, ಮೂರು ಹೊತ್ತೂ ರಾಗಿಯನ್ನಲ್ಲದೆ ಸಾರನ್ನೂ ಸೊಪ್ಪನ್ನೂ ಮುಟ್ಟದ ಮನುಷ್ಯನು ಕೂಡ ಆ ಇಲಿಗೆ ದೊರೆತ ಪ್ರಮಾಣದಲ್ಲಿ ಸಿಪ್ಪೆಯನ್ನು ತಿನ್ನಲಾರ. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ. ಪ್ರಮಾಣ, ಅವಧಿ, ಪ್ರಾಣಿ ಎಲ್ಲವನ್ನೂ ಬರೆದೇ ಇದ್ದಾರೆ. ಅವರ ಲೇಖನದಿಂದ ಪತ್ರಿಕೆಯ ಪುಟಕ್ಕೆ ಬರುವ ದಾರಿಯಲ್ಲಿ ಇಲಿ ಮಾಯವಾಗುತ್ತದೆ, ಇಪ್ಪತ್ತು ಪಾಲು ಮಾಯವಾಗುತ್ತದೆ, ಆರು ವಾರವೂ ಮಾಯವಾಗಿ, ರಾಗಿ ಮಧುಮೇಹವನ್ನು ತಡೆಯುತ್ತದೆಯೆಂಬ ಒಂದು ವಾಕ್ಯ ಮಾತ್ರ ಉಳಿಯುತ್ತದೆ. ಷಟ್ಪದಿಯಿಂದ ಒಂದು ಸಾಲನ್ನು ಕಿತ್ತುಕೊಂಡಂತೆಯೇ ಇದೂ.

ಮೂರನೆಯದು ಮನುಷ್ಯರ ಮೆಟ್ಟಿಲು. ೨೦೦೨ರಲ್ಲಿ ಪ್ರಕಟವಾದ ಲಕ್ಷ್ಮೀಕುಮಾರಿ ಮತ್ತು ಸುಮತಿ ಅವರ ಅಧ್ಯಯನದಲ್ಲಿ ಮಧುಮೇಹಿಗಳು ಅಕ್ಕಿ ಗೋಧಿಗಳ ಊಟಕ್ಕಿಂತ ಇಡೀ ರಾಗಿಯ ಊಟವಾದ ಮೇಲೆ ರಕ್ತದ ಸಕ್ಕರೆ ಕಡಿಮೆ ಏರಿದ್ದನ್ನು ಕಂಡರು. ಪರೀಕ್ಷೆಗೆ ಒಳಗಾದವರು ಆರೇ ಮಂದಿ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳುತನದಲ್ಲಿ ೨೦೨೧ರಲ್ಲಿ ೬೫ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಿರುಧಾನ್ಯಗಳನ್ನು ಬಹುಕಾಲ ಉಂಡ ಮಧುಮೇಹಿಗಳಲ್ಲಿ ಬರಿಹೊಟ್ಟೆಯ ಸಕ್ಕರೆ ನೂರಕ್ಕೆ ೧೨ರಷ್ಟೂ ಊಟದ ನಂತರದ ಸಕ್ಕರೆ ೧೫ರಷ್ಟೂ ತಗ್ಗಿದ್ದುದು ಕಂಡುಬಂತು. ಇದು ಸಣ್ಣ ಲಾಭವಲ್ಲ. ರಾಗಿಯ ಮೇಲಿನ ಪ್ರೀತಿಗೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ, ರಕ್ತಕ್ಕೆ ಸಕ್ಕರೆಯನ್ನು ಬೇಗ ಬಿಡುವ ಆಹಾರ, ತಡವಾಗಿ ಬಿಡುವ ಆಹಾರ ಎಂಬ ವಿಂಗಡಣೆಯಲ್ಲಿ ನವಣೆ, ಊದಲು ಇವು ಕೆಳಗಿನ ವರ್ಗದಲ್ಲಿಯೂ ರಾಗಿ ನಡುವಣ ವರ್ಗದಲ್ಲಿಯೂ ಬಂದಿವೆಯೆಂಬುದನ್ನು ಹೇಳುವ ಪೊಟ್ಟಣವನ್ನು ನಾವು ಇದುವರೆಗೆ ಕಂಡಿಲ್ಲ.

ಮಾಡುವ ಅಡುಗೆಯೂ ಇಲ್ಲಿ ಬಹಳ ಮುಖ್ಯ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಹಸುಗೂಸುಗಳಿಗೆ ಬಹಳ ಹಿಂದಿನಿಂದ ಕೊಡುತ್ತ ಬಂದ ಆಹಾರ. ಮೊಳಕೆಯಲ್ಲಿ ಅಮೈಲೇಸ್ ಹೆಚ್ಚಿ ಗಂಜಿ ತೆಳುವಾಗುವುದರಿಂದ ಕೂಸಿನ ಸಣ್ಣ ಹೊಟ್ಟೆಗೆ ಹೆಚ್ಚು ಪುಷ್ಟಿ ಸೇರುತ್ತದೆ. ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ೧೯೮೨ರಷ್ಟು ಹಿಂದೆಯೇ ಇದನ್ನು ಆಧಾರವಾಗಿಟ್ಟುಕೊಂಡು ಶಿಶುಆಹಾರವನ್ನು ರೂಪಿಸಿದ್ದರು. ಕೂಸಿಗೆ ಹಿತವಾದ ಈ ಗುಣವೇ ಮಧುಮೇಹಿಗೆ ಅಹಿತ. ಪಿಷ್ಟ ಆಗಲೇ ಅರ್ಧ ಒಡೆದಿದೆ, ಒಗರಿನ ಅಂಶವೂ ತಗ್ಗಿದೆ. ಆದರೂ ಇದೇ ಮಾಲ್ಟನ್ನು ಸಕ್ಕರೆ ಕಾಯಿಲೆಯವರಿಗೆ ವಿಶೇಷವಾದುದೆಂದು ಮಾರುವುದುಂಟು, ಕೆಲವೊಮ್ಮೆ ಬೆಲ್ಲವನ್ನೂ ಸೇರಿಸಿ! ಇನ್ನೊಂದು ವಿನೋದವನ್ನೂ ಹೇಳಬೇಕು. ಸಿಪ್ಪೆಯ ಗುಣವನ್ನು ಕಂಡುಹಿಡಿದ ಮೈಸೂರಿನ ಅದೇ ಪ್ರಯೋಗಶಾಲೆಯಲ್ಲಿ, ರಾಗಿಯನ್ನು ನೀರು ಮತ್ತು ಹಬೆಯಿಂದ ಗಟ್ಟಿಮಾಡಿ ಸಿಪ್ಪೆ ತೆಗೆದು ಅನ್ನದಂತೆ ಬೇಯಿಸಬಹುದಾದ ಬಿಳಿಯ ರಾಗಿಕಾಳನ್ನು ಸಿದ್ಧಪಡಿಸುವ ವಿಧಾನವೂ ಹುಟ್ಟಿತು. ತಂತ್ರಜ್ಞರನ್ನು ನಾವು ದೂರುತ್ತಿಲ್ಲ, ಅನ್ನದ ಆಸೆಯುಳ್ಳ ಪಟ್ಟಣದವನಿಗೆ ಅದು ಬೇಕಾಗಿತ್ತು. ಆದರೆ ಈ ಎರಡು ಪದಾರ್ಥಕ್ಕೂ ರಾಗಿಯೆಂಬುದು ಒಂದೇ ಹೆಸರು. ಒಂದನ್ನು ಕುರಿತ ಹೊಗಳಿಕೆ ಇನ್ನೊಂದರ ಪೊಟ್ಟಣದ ಮೇಲೆ ಕೂರುವುದಕ್ಕೆ ಅಡ್ಡಿಯೇನೂ ಇಲ್ಲ.

ಸಿಪ್ಪೆಯ ಗುಣ ಎಲ್ಲರಿಗೂ ಗುಣವೇ ಎಂಬುದೂ ನಿಶ್ಚಯವಲ್ಲ. ಒಗರಿನ ಟ್ಯಾನಿನ್ನುಗಳು ಪಿಷ್ಟವನ್ನು ಒಡೆಯುವ ಕಿಣ್ವವನ್ನು ಹಿಡಿಯುವಂತೆಯೇ ಆಹಾರದ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತವೆ. ಕಂದು ರಾಗಿಗಿಂತ ಟ್ಯಾನಿನ್ ಇಲ್ಲದ ಬಿಳಿಯ ರಾಗಿಯಲ್ಲಿ ಕಬ್ಬಿಣವು ದೇಹಕ್ಕೆ ದಕ್ಕುವ ಸ್ಥಿತಿಯಲ್ಲಿ ಹೆಚ್ಚಾಗಿರುತ್ತದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೧೯೮೮ರಲ್ಲಿ ಪ್ರಯೋಗಶಾಲೆಯ ಪರೀಕ್ಷೆಯಿಂದ ತೋರಿಸಿದ್ದರು. ಒಂದೇ ಮನೆಯಲ್ಲಿ, ಒಂದೇ ಮುದ್ದೆಯಲ್ಲಿ, ತಾತನಿಗೆ ಲಾಭವಾದದ್ದು ರಕ್ತಹೀನತೆಯ ಮೊಮ್ಮಗಳಿಗೆ ನಷ್ಟವಾಗಬಹುದು. ಅಡುಗೆಮನೆಯು ಇದಕ್ಕೆ ತಿಳಿಯದೆಯೇ ಪರಿಹಾರವನ್ನೂ ಒದಗಿಸಿದೆ. ಈರುಳ್ಳಿ ಬೆಳ್ಳುಳ್ಳಿಗಳು ಧಾನ್ಯ ಬೇಳೆಗಳಲ್ಲಿನ ಕಬ್ಬಿಣ ಮತ್ತು ಸತುಗಳನ್ನು ಹೆಚ್ಚಾಗಿ ಬಿಡಿಸಿಕೊಡುತ್ತವೆಂದು ಮೈಸೂರಿನ ಸಂಶೋಧನಾಲಯದ ಕೆ. ಶ್ರೀನಿವಾಸನ್ ಅವರ ತಂಡ ೨೦೧೦ರಲ್ಲಿ ಪ್ರಕಟಿಸಿತು. ಅದೂ ಗಾಜಿನ ಕೊಳವೆಯ ಫಲಿತಾಂಶವೇ. ಬೆಳ್ಳುಳ್ಳಿ ಹಾಕಿದ ಬಸ್ಸಾರು, ನಿಂಬೆಹಣ್ಣು ಹಿಂಡಿದ ಕೋಸಂಬರಿ, ಇವುಗಳ ಜೊತೆಯಲ್ಲಿರುವ ಮುದ್ದೆ ಬೇರೆ, ಬರಿಯ ಮುದ್ದೆ ಬೇರೆ.

ಪ್ರಮಾಣದ ಮಾತನ್ನು ಮರೆಸುವುದರಲ್ಲಿ ಮೆಂತ್ಯವನ್ನೂ ಅರಿಸಿನವನ್ನೂ ಕುರಿತ ಬರೆಹಗಳು ರಾಗಿಯವನ್ನೂ ಮೀರಿಸುತ್ತವೆ. ಮೆಂತ್ಯ ಮಧುಮೇಹಕ್ಕೆ ಹಿತವೆಂಬುದಕ್ಕೆ ಸದಾ ಹೆಸರಿಸಲಾಗುವ ಸಂಶೋಧನೆ ರಾಷ್ಟ್ರೀಯ ಪೋಷಣ ಸಂಸ್ಥೆಯದು, ೧೯೯೦ರಲ್ಲಿ ಪ್ರಕಟವಾದುದು. ಹತ್ತು ದಿನಗಳ ಆ ಪ್ರಯೋಗದಲ್ಲಿ ರೋಗಿಗಳ ಮೂತ್ರದಲ್ಲಿ ಹೋಗುವ ಸಕ್ಕರೆ ಅರ್ಧಕ್ಕಿಂತ ಹೆಚ್ಚಾಗಿ ಕಡಿಮೆಯಾಯಿತೆಂಬುದು ನಿಜ. ಅವರಿಗೆ ಕೊಟ್ಟದ್ದು ಎಣ್ಣೆಯಂಶ ತೆಗೆದ ಮೆಂತ್ಯದ ಪುಡಿ, ದಿನಕ್ಕೆ ೧೦೦ ಗ್ರಾಂ! ಅದರ ಹತ್ತರಲ್ಲೊಂದು ಪಾಲನ್ನು ಸಾರಿಗೆ ಹಾಕಿದರೆ ಮನೆಯವರು ಊಟ ಬಿಟ್ಟು ಏಳುತ್ತಾರೆ. ಅರಿಸಿನದ ಕಥೆ ನಮ್ಮ ಊರಿನದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯವಂತರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಮೆಣಸಿನ ಪಿಪರೀನನ್ನು ೨೦ ಮಿಲಿಗ್ರಾಂ ಜೊತೆಗೂಡಿಸಿದಾಗ ನೂರಕ್ಕೆ ೨೦೦೦ದಷ್ಟು ಏರಿತು. ಲೋಕದಲ್ಲೆಲ್ಲ ಉಲ್ಲೇಖಗೊಂಡ ಈ ಎರಡು ಸಾವಿರದಲ್ಲಿ, ಏರಿಕೆಗೆ ಮೊದಲು ಇದ್ದದ್ದು ಬಹುತೇಕ ಶೂನ್ಯವೆಂಬುದು ಮುಚ್ಚಿಹೋಗುತ್ತದೆ. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಎರಡು ಗ್ರಾಂ ಬೇಕಾದರೆ ಪುಡಿ ೬೫ ಗ್ರಾಮಿಗೂ ಮೇಲೆ ಬೇಕು. ಚಿಟಿಕೆ ಅರಿಸಿನ ಹಾಕಿದ ಹಾಲಿನಿಂದ ಹೃದ್ರೋಗ ದೂರವಾಗುವುದೆಂದು ಬರೆಯುವವರು ಈ ಸಣ್ಣ ಗುಣಾಕಾರವನ್ನಾದರೂ ಮಾಡಬೇಕಾಗಿತ್ತು.

ಹಾಗಾದರೆ ಬೇಕಾದ ಅಂಶವನ್ನು ಮಾತ್ರ ಹೊರತೆಗೆದು ಗುಳಿಗೆ ಮಾಡಿ ನುಂಗಬಹುದಲ್ಲ ಎಂದು ಕೇಳಬಹುದು. ರಾಜಾಜಿನಗರದ ಔಷಧದಂಗಡಿಗಳಲ್ಲಿ ಅಂಥ ಗುಳಿಗೆಗಳಿಗೆ ಈಗ ಕೊರತೆಯಿಲ್ಲ. ಇದಕ್ಕೆ ಉತ್ತರ ದೂರದ ಫಿನ್ಲೆಂಡಿನಿಂದ ಬಂದಿದೆ. ಕ್ಯಾರೆಟ್, ಸೊಪ್ಪು, ಹಣ್ಣುಗಳಲ್ಲಿರುವ ಬೀಟಾ ಕ್ಯಾರೊಟಿನ್ ರಕ್ತದಲ್ಲಿ ಹೆಚ್ಚಾಗಿದ್ದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಹಲವು ಅಧ್ಯಯನಗಳು ಕಂಡಿದ್ದವು. ಅದನ್ನೇ ನಂಬಿ ಬೀಡಿ ಸಿಗರೇಟು ಸೇದುವ ೨೯,೧೩೩ ಗಂಡಸರನ್ನು ಪರೀಕ್ಷೆಗೆ ತೆಗೆದುಕೊಂಡು, ಕೆಲವರಿಗೆ ದ್ರವ್ಯವನ್ನೂ ಕೆಲವರಿಗೆ ಬರಿಯ ಗುಳಿಗೆಯನ್ನೂ ವರ್ಷಗಟ್ಟಲೆ ಕೊಟ್ಟರು. ೧೯೯೪ರಲ್ಲಿ ಫಲಿತಾಂಶ ಹೊರಬಂದಾಗ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಕ್ಯಾನ್ಸರ್ ಇಳಿಯುವ ಬದಲು ನೂರಕ್ಕೆ ೧೮ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಮತ್ತೊಂದು ಪ್ರಯೋಗವನ್ನು ೧೯೯೬ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಸೊಪ್ಪು ತಿನ್ನುವವನಿಗೆ ದೊರೆತ ರಕ್ಷಣೆ ಸೊಪ್ಪಿನ ಒಂದು ಅಂಶದಿಂದಲೇ ಬಂದುದೆಂಬ ಊಹೆ ಇಷ್ಟು ದುಬಾರಿಯಾಯಿತು.

ನಮ್ಮ ಬರೆಹಗಾರರು ಪ್ರಮಾಣಗಳೆಲ್ಲ ಸೋತ ಕಡೆ ಪೂರ್ವಿಕರನ್ನು ಕರೆಯುತ್ತಾರೆ. ನಮ್ಮ ಅಜ್ಜಂದಿರು ರಾಗಿ ತಿಂದರು, ಅವರಿಗೆ ಸಕ್ಕರೆ ಕಾಯಿಲೆಯಿರಲಿಲ್ಲ; ನಾವು ಅಕ್ಕಿ ತಿಂದೆವು, ನಮಗೆ ಬಂತು. ಅಜ್ಜಂದಿರು ನೇಗಿಲನ್ನೂ ಹಿಡಿದಿದ್ದರು, ಹತ್ತು ಮೈಲಿ ನಡೆಯುತ್ತಲೂ ಇದ್ದರು, ಹೊಟ್ಟೆ ತುಂಬ ಉಂಡ ದಿನಗಳು ಅವರಿಗೆ ಕಡಿಮೆಯಾಗಿದ್ದವು, ರಕ್ತಪರೀಕ್ಷೆಯನ್ನಂತೂ ಯಾರೂ ಮಾಡಿರಲಿಲ್ಲ. ಅದಂತಿರಲಿ, ಈ ವಾದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಗಂಭೀರವಾದ ಉತ್ತರವಿದೆ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ೧೯೫೪ರವರೆಗೆ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಅವರಲ್ಲಿ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ಫಲಿತಾಂಶವಿದು: ೪೫ ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರ ಪೈಕಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿತ್ತು, ಮೂರು ಕಿಲೋವಿಗೆ ಮೇಲ್ಪಟ್ಟು ತೂಗಿದವರಲ್ಲಿ ೩ ಮಂದಿಗೆ ಮಾತ್ರ. ಅರವತ್ತರ ಹೃದ್ರೋಗದ ಬೇರು ತಾಯಿಯ ಬಸಿರಿನಲ್ಲಿ, ಆಕೆಗೆ ದೊರಕದಿದ್ದ ಊಟದಲ್ಲಿ ಇರಬಹುದೆಂದು ಇದರಿಂದ ತೋರುತ್ತದೆ. ಅಂಥವನು ಅರವತ್ತರಲ್ಲಿ ಕೊಂಡ ನವಣೆಯ ಪೊಟ್ಟಣದಿಂದ ಆ ಬೇರನ್ನು ಕಿತ್ತುಹಾಕಲಾರ.

ಸಸ್ಯವು ತನ್ನ ಅಂಶಗಳನ್ನು ಮಾತ್ರವೇ ತಟ್ಟೆಗೆ ತರುವುದಿಲ್ಲವೆಂಬುದನ್ನು ಪಶ್ಚಿಮ ಬೆಂಗಳೂರಿನವರಾದ ನಮಗೆ ವೃಷಭಾವತಿ ದಿನವೂ ನೆನಪಿಸುತ್ತದೆ. ಬಸವನಗುಡಿಯ ಕಡೆ ಹುಟ್ಟಿ ಮೈಸೂರು ರಸ್ತೆಯ ಗುಂಟ ಕೆಂಗೇರಿಯನ್ನು ಹಾಯ್ದು ಬಿಡದಿಯ ಹತ್ತಿರ ಬೈರಮಂಗಲ ಕೆರೆಯನ್ನು ಸೇರುವ ಈ ನದಿ ಊರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ಹರಿಯುತ್ತದೆ. ಅದರ ನೀರಿನಿಂದ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರವಾದ ಲೋಹಗಳು ಸೇರಿರುವುದನ್ನು ಹಲವು ಪರೀಕ್ಷೆಗಳು ಕಂಡಿವೆ. ದಂಟಿನ ಸೊಪ್ಪಿನ ಉತ್ಕರ್ಷಣನಿರೋಧಕ ಗುಣವನ್ನು ವರ್ಣಿಸುವ ಲೇಖನದಲ್ಲಿ ಆ ದಂಟು ಬೆಳೆದ ನೀರಿನ ಪ್ರಸ್ತಾಪ ಬಾರದಿರುವುದು ಸಣ್ಣ ಲೋಪವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಊಟದಿಂದ ಆಗುವುದೇನೂ ಇಲ್ಲವೆಂದು ಇವರು ಸಾಧಿಸಿದರೆಂದು ಯಾರಾದರೂ ತಿಳಿದರೆ ಅದು ನಮ್ಮ ಅಭಿಪ್ರಾಯಕ್ಕೆ ತೀರ ವಿರುದ್ಧ. ಮಧುಮೇಹದ ಹೊಸ್ತಿಲಲ್ಲಿದ್ದ ೫೩೧ ಮಂದಿಯನ್ನು ಚೆನ್ನೈಯಲ್ಲಿ ನಾಲ್ಕು ಗುಂಪು ಮಾಡಿ ಸುಮಾರು ಎರಡೂವರೆ ವರ್ಷ ನೋಡಿದ ಪ್ರಯೋಗದ ಫಲಿತಾಂಶ ೨೦೦೬ರಲ್ಲಿ ಪ್ರಕಟವಾಯಿತು. ಸಕ್ಕರೆ, ನುಣುಪುಹಿಟ್ಟು, ಜಿಡ್ಡು ಇವನ್ನು ತಗ್ಗಿಸಿ, ನಾರಿನ ಆಹಾರವನ್ನು ಹೆಚ್ಚಿಸಿ, ದಿನಕ್ಕೆ ಅರ್ಧ ಗಂಟೆಯಾದರೂ ನಡೆದವರಲ್ಲಿ ರೋಗಕ್ಕೆ ಬೀಳುವ ಸಂಭವ ನೂರಕ್ಕೆ ೨೮.೫ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ೨೬.೪ರಷ್ಟು. ಊಟ ನಡಿಗೆಗಳು ಮಾತ್ರೆಗೆ ಸಮಸಮವಾಗಿ ನಿಂತವು. ಆದರೆ ಗಮನಿಸಬೇಕಾದದ್ದು, ಅವರು ಇನ್ನೂ ರೋಗಿಗಳಾಗದವರು. ಮತ್ತು ಬದಲಾದದ್ದು ಇಡೀ ತಟ್ಟೆ ಹಾಗೂ ಇಡೀ ದಿನಚರಿ, ಒಂದು ಧಾನ್ಯವಲ್ಲ, ಒಂದು ಧಾನ್ಯದ ಒಂದು ಅಂಶವಂತೂ ಅಲ್ಲ. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ ತಾತನವರು ಈ ಪ್ರಯೋಗದ ಯಾವ ಗುಂಪಿನಲ್ಲಿಯೂ ಇರಲಿಲ್ಲ.

ಆ ಮಾತ್ರೆಯ ಚರಿತ್ರೆಯೂ ಸ್ವಾರಸ್ಯವಾದುದು. ಯೂರೋಪಿನಲ್ಲಿ ಹಳೆಯ ಕಾಲದಿಂದ ಔಷಧಿಗೆ ಬಳಸುತ್ತಿದ್ದ ಗಲೆಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ಅಂಶವೊಂದು ದೊರೆಯಿತು. ಅದು ಇದ್ದ ಹಾಗೆಯೇ ವಿಷಕರವಾಗಿತ್ತು. ಅದರ ಜಾಡು ಹಿಡಿದು ತಯಾರಾದ ಮೆಟ್‌ಫಾರ್ಮಿನ್‌ನನ್ನು ೧೯೫೭ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮಧುಮೇಹಿಗಳಿಗೆ ಕೊಟ್ಟು ವರದಿ ಮಾಡಿದರು. ಬ್ರಿಟನ್ನಿನ ದೊಡ್ಡ ಪ್ರಯೋಗವು ಅದರ ದೀರ್ಘಕಾಲದ ಲಾಭವನ್ನು ದೃಢಪಡಿಸಿದ್ದು ೧೯೯೮ರಲ್ಲಿ. ನಡುವೆ ನಲವತ್ತು ವರ್ಷ ಕಳೆದಿತ್ತು. ಗಿಡದ ಅಂಶವೊಂದು ಔಷಧವೆನಿಸಿಕೊಳ್ಳುವುದಕ್ಕೆ ತೆತ್ತ ಬೆಲೆ ಇದು. ಮಾತ್ರೆಯನ್ನು ರಾಸಾಯನಿಕವೆಂದೂ ಅಂಬಲಿಯನ್ನು ನೈಸರ್ಗಿಕವೆಂದೂ ಬೇರೆಮಾಡಿ ಹೆದರಿಸುವ ಬರೆಹಗಾರರು ಈ ವಂಶಾವಳಿಯನ್ನು ತಿಳಿದುಕೊಂಡರೆ ಒಳ್ಳೆಯದು.

ನಮ್ಮ ಸಲಹೆ ದೊಡ್ಡದೇನೂ ಅಲ್ಲ. ಯಾವುದೇ ಸಸ್ಯಾಂಶವು ರೋಗವನ್ನು ತಡೆಯುತ್ತದೆಂದು ಕನ್ನಡದಲ್ಲಿ ಬರೆಯುವವರು, ಅದು ಕಂಡುಬಂದದ್ದು ಕೊಳವೆಯಲ್ಲಿಯೋ ಇಲಿಯಲ್ಲಿಯೋ ಮನುಷ್ಯನಲ್ಲಿಯೋ, ಕೊಟ್ಟದ್ದು ಎಷ್ಟು, ಎಷ್ಟು ದಿನ, ಯಾವ ಅಡುಗೆಯ ರೂಪದಲ್ಲಿ, ಯಾವುದರೊಡನೆ ಹೋಲಿಸಿ ಎಂಬುದನ್ನು ಅದೇ ವಾಕ್ಯದಲ್ಲಿ ಅಲ್ಲದಿದ್ದರೂ ಅದೇ ಪುಟದಲ್ಲಿ ಬರೆಯಲಿ. ಕನ್ನಡಕ್ಕೆ ಇದನ್ನು ಹೇಳುವ ಶಕ್ತಿಯಿಲ್ಲವೆನ್ನುವಂತಿಲ್ಲ. ಪಾಕದ ಅಳತೆ, ಬೆಂಕಿಯ ಹದ, ಬೇಯುವ ಹೊತ್ತು ಇವನ್ನು ಹದಿನಾರನೆಯ ಶತಮಾನದಲ್ಲಿಯೇ ಮಂಗರಸನು ಸೂಪಶಾಸ್ತ್ರದಲ್ಲಿ ಷಟ್ಪದಿಗೆ ಇಳಿಸಿದ್ದಾನೆ. ಮುಂದಿನ ಸಂಚಿಕೆಯ ಹೊತ್ತಿಗೆ, ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗಿನ ಅಂಗಡಿಗಳಲ್ಲಿ ದೊರೆಯುವ ಪೊಟ್ಟಣಗಳ ಹಿಂಬದಿಯ ಬರೆಹವನ್ನು ಅಕ್ಷರಶಃ ನಕಲು ಮಾಡಿ, ಮೇಲೆ ಹೇಳಿದ ಐದು ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿದೆಯೆ ಎಂದು ಗುರುತುಹಾಕಿಡುವಂತೆ ನಮ್ಮ ವಿದ್ಯಾರ್ಥಿಗಳನ್ನು ಕೇಳಿಕೊಂಡಿದ್ದೇವೆ.